ಹಗ್ಗ ಕಟ್ಟಿದ ಕಾಲು: ಕಾಮಿಕ್ಸ್ ಚಿತ್ರಗಳಲ್ಲಿ ಉಳಿದುಹೋದ ತಪ್ಪು ಚಿಕಿತ್ಸೆ

ಜಮಖಂಡಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ಚಿತ್ರಕಲೆ ಕಲಿಸುತ್ತೇನೆ. ಹೋದ ಮಳೆಗಾಲದಲ್ಲಿ ವಿಜ್ಞಾನ ಪ್ರದರ್ಶನಕ್ಕೆ ಅಂತ ಮಕ್ಕಳು ಚಾರ್ಟ್ ಬರೆಯುತ್ತಿದ್ದರು. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ‘ಹಾವು ಕಡಿದರೆ ಪ್ರಥಮ ಚಿಕಿತ್ಸೆ’ ಅಂತ ತಲೆಬರಹ ಹಾಕಿ, ಕೆಳಗೆ ಕಾಮಿಕ್ಸ್ ಥರ ಆರು ಚೌಕ ಎಳೆದಿದ್ದ. ಅವನ ಕೈ ಒಳ್ಳೆಯದು. ಮೊದಲ ಚೌಕದಲ್ಲಿ ಕಬ್ಬಿನ ಹೊಲ, ಕುಡಗೋಲು ಹಿಡಿದ ರೈತ. ಎರಡರಲ್ಲಿ ಹೆಡೆ ಎತ್ತಿದ ನಾಗರ ಹಾವು. ಮೂರರಲ್ಲಿ ಪಾದದ ಮೇಲೆ ಎರಡು ಕೆಂಪು ಚುಕ್ಕೆ. ನಾಲ್ಕರಲ್ಲಿ ಮೊಣಕಾಲಿನ ಕೆಳಗೆ ಬಿಗಿದ ಹಗ್ಗ. ಐದರಲ್ಲಿ ಗೆಳೆಯ ಬ್ಲೇಡಿನಿಂದ ಗಾಯ ಕೊಯ್ದು, ಬಾಯಿಟ್ಟು ಹೀರಿ ಉಗುಳುತ್ತಿದ್ದಾನೆ. ಆರರಲ್ಲಿ ರೈತ ಎದ್ದು ನಿಂತು ನಗುತ್ತಿದ್ದಾನೆ.

ನಾಲ್ಕನೇ ಚೌಕದ ಮುಂದೆ ನಾನು ಬಹಳ ಹೊತ್ತು ನಿಂತೆ. ಹಗ್ಗದ ಕೆಳಗಿನ ಕಾಲಿಗೆ ಹುಡುಗ ತೆಳುವಾಗಿ ನೀಲಿ ಬಳಿದಿದ್ದ. ವಿಷ ಅಲ್ಲಿಗೇ ನಿಂತಿದೆ, ಮೇಲೆ ಏರಿಲ್ಲ ಅಂತ ತೋರಿಸೋದು ಅವನ ಉದ್ದೇಶ. ಬಣ್ಣ ಸರಿಯಾಗಿಯೇ ಇತ್ತು. ಹಾಗೆ ಬಿಗಿದ ಕಾಲು ನಿಜವಾಗಿಯೂ ನೀಲಿಗಟ್ಟುತ್ತದೆ, ರಕ್ತ ಹರಿಯದೆ. ಹೆಚ್ಚು ಹೊತ್ತು ಹಾಗೇ ಬಿಟ್ಟರೆ ಕಾಲು ಕೊಳೆಯಲು ಶುರುವಾಗುತ್ತದೆ.

“ಇದನ್ನ ಎಲ್ಲಿ ನೋಡಿದೀಪಾ?” ಅಂತ ಕೇಳಿದೆ.

“ಲೈಬ್ರರಿ ಪುಸ್ತಕದಾಗ ಹಿಂಗs ಐತ್ರಿ ಸರ,” ಅಂದ. ಓಡಿಹೋಗಿ ತಂದು ತೋರಿಸಿದ. ರಟ್ಟು ಹರಿದ ಹಳೇ ಕಾಮಿಕ್ಸ್. ಅದರಲ್ಲಿ ಕಾಡು ಇತ್ತು, ಸಾಹಸಿ ನಾಯಕನಿದ್ದ. ಹುಡುಗ ಕಾಡನ್ನು ಕಬ್ಬಿನ ಹೊಲ ಮಾಡಿದ್ದ, ಅಷ್ಟೇ. ಉಳಿದದ್ದೆಲ್ಲ ಗೆರೆಗೆ ಗೆರೆ ಅದೇ. ನಾನೂ ಅವನ ವಯಸ್ಸಿನಲ್ಲಿ ಇಂಥದ್ದೇ ಚಿತ್ರ ನೋಡಿ, ಇದೇ ಸರಿ ಅಂತ ನಂಬಿ ಬೆಳೆದವನು.

ನಮ್ಮ ಕಡೆ ರಾತ್ರಿ ಹೊತ್ತು ಹಾವಿನ ಹೆಸರು ಎತ್ತುವುದಿಲ್ಲ. ‘ಹುಳ ಮುಟ್ಟೈತಿ’ ಅನ್ನುತ್ತಾರೆ. ಅಷ್ಟು ಹತ್ತಿರದ ಭಯ ಅದು. ಮುಧೋಳ, ಜಮಖಂಡಿ, ಅಥಣಿ, ರಾಯಬಾಗ ಎಲ್ಲ ಕಬ್ಬಿನ ಸೀಮೆ. ಕಬ್ಬು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಹಂಗಾಮಿನಲ್ಲಿ ಕಬ್ಬು ಕಡಿಯಲು ಬರುವ ಗ್ಯಾಂಗಿನವರು ಹೊಲದ ಬದಿಯ ಗುಡಿಸಲಲ್ಲಿ ನೆಲದ ಮೇಲೆ ಮಲಗುತ್ತಾರೆ. 2000ದಿಂದ 2019ರವರೆಗಿನ ಲೆಕ್ಕ ಹಾಕಿದ ಅಧ್ಯಯನವೊಂದರ ಪ್ರಕಾರ, ಭಾರತದಲ್ಲಿ ಹಾವು ಕಡಿದು ವರ್ಷಕ್ಕೆ ಸರಾಸರಿ 58,000 ಜನ ಸಾಯುತ್ತಾರೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಅಂತ ಘೋಷಿಸಿತು. ಅಂದರೆ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು. ಇಂಥ ಊರಿನ ಶಾಲೆಯ ಗೋಡೆ ಮೇಲೆ ಆ ಚಾರ್ಟ್ ಹೋಗುವುದರಲ್ಲಿತ್ತು.

ಕಾಮಿಕ್ಸ್‌ನಲ್ಲಿ ವೈದ್ಯಕೀಯ ತಪ್ಪು ಅಂದ ಕೂಡಲೇ ಜನ ಮೊದಲು ಹೇಳುವುದು ಸೂಪರ್‌ಹೀರೋಗಳ ಮೈಕಟ್ಟು. ಇಲ್ಲದ ಸ್ನಾಯು, ಮುರಿದಂತೆ ತಿರುಗಿದ ಸೊಂಟ, ಕರುಳಿಗೆ ಜಾಗವೇ ಇಲ್ಲದಷ್ಟು ಸಣ್ಣ ಹೊಟ್ಟೆ. ನನಗೆ ಇದು ದೊಡ್ಡ ದೂರು ಅನಿಸುವುದಿಲ್ಲ. ನಮ್ಮ ಜಿಲ್ಲೆಯ ಬಾದಾಮಿಯ ಮೊದಲನೇ ಗುಹೆಗೆ ಹೋಗಿ ನೋಡಿ. ಅಲ್ಲಿನ ನಟರಾಜನಿಗೆ 18 ಕೈ. ಇಷ್ಟು ಕೈಗೆ ಭುಜದ ಎಲುಬು ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ, ಕೇಳಬಾರದು ಕೂಡ. ಕುಣಿತವನ್ನು ಕಲ್ಲಿನಲ್ಲಿ ಹಿಡಿಯಲು ಶಿಲ್ಪಿಗೆ ಅಷ್ಟು ಕೈ ಬೇಕಿದ್ದವು. ಕಾಮಿಕ್ಸ್ ಕಲಾವಿದನಿಗೂ ಆ ಸ್ವಾತಂತ್ರ್ಯ ಇದೆ. ಎದೆ ಅಗಲ ಮಾಡಲಿ, ತೋಳು ದಪ್ಪ ಮಾಡಲಿ. ಅದನ್ನು ನೋಡಿ ಯಾರೂ ಮನೆಯಲ್ಲಿ ಏನೂ ಮಾಡಲು ಹೋಗುವುದಿಲ್ಲ.

ಜಪಾನಿನ ಒಸಾಮು ತೆಜುಕಾ ವೈದ್ಯಕೀಯ ಓದಿ, ಕಾಮಿಕ್ಸ್ ಬರೆದವರು. 1973ರಲ್ಲಿ ಶುರುವಾದ ಅವರ ‘ಬ್ಲ್ಯಾಕ್ ಜಾಕ್’ ಸರಣಿಯ ಸರ್ಜನ್ ಆಗದಂಥ ಆಪರೇಷನ್‌ಗಳನ್ನೆಲ್ಲ ಮಾಡುತ್ತಾನೆ. ತೆಜುಕಾಗೆ ಗೊತ್ತಿರಲಿಲ್ಲ ಅಂತಲ್ಲ, ಕಥೆಗೆ ಬೇಕಿತ್ತು. ಅದರಿಂದಲೂ ಓದುಗನಿಗೆ ಅಪಾಯವಿಲ್ಲ, ಯಾಕಂದ್ರೆ ಅಡುಗೆಮನೆಯಲ್ಲಿ ಯಾರೂ ಆಪರೇಷನ್ ಮಾಡುವುದಿಲ್ಲ. ನನ್ನ ಚಿಂತೆ ಇರುವುದು ಓದುಗ ಕೈಯಾರೆ ಮಾಡಬಹುದಾದ ಕೆಲಸಗಳ ಚಿತ್ರದ ಬಗ್ಗೆ. ಹಗ್ಗ ಎಲ್ಲರ ಮನೆಯಲ್ಲೂ ಇದೆ. ಬ್ಲೇಡೂ ಇದೆ.

ಆ ಆರು ಚೌಕಗಳನ್ನು ಹಿಡಿದುಕೊಂಡು ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಗೆಳೆಯನ ಹತ್ತಿರ ಹೋದೆ. ಒಂದೊಂದನ್ನೇ ನೋಡುತ್ತಾ ಬಂದೆವು.

ಹೆಡೆಯಿಂದಲೇ ಶುರು. ಚಿತ್ರಕಾರರಿಗೆ ಹಾವು ಅಂದರೆ ಹೆಡೆ. ಆದರೆ ನಮ್ಮಲ್ಲಿ ಹೆಚ್ಚು ಜೀವ ತೆಗೆಯುವ ನಾಲ್ಕು ಹಾವುಗಳಲ್ಲಿ ಹೆಡೆ ಇರುವುದು ನಾಗರ ಹಾವಿಗೆ ಮಾತ್ರ. ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ಮೂರಕ್ಕೂ ಇಲ್ಲ. ಮೈಮೇಲೆ ಸರಪಳಿಯಂಥ ಕಂದು ಮಚ್ಚೆ ಇರುವ ಕೊಳಕುಮಂಡಲವನ್ನು ಹೆಬ್ಬಾವಿನ ಮರಿ ಅಂತ ತಿಳಿದು ಕೈಯಲ್ಲಿ ಹಿಡಿದವರಿದ್ದಾರೆ. ಹೆಡೆ ಇಲ್ಲ, ಹಾಗಾಗಿ ವಿಷ ಇಲ್ಲ ಅನ್ನುವ ಲೆಕ್ಕ ಎಲ್ಲಿಂದ ಬಂತು? ಚಿತ್ರಗಳಿಂದಲೂ ಬಂದಿದೆ ಅಂತ ನನ್ನ ಅನಿಸಿಕೆ.

ಆಮೇಲೆ ಎರಡು ಕೆಂಪು ಚುಕ್ಕೆ. ಕಟ್ಟು ಹಾವು ಕಡಿದರೆ ಬಹಳ ಸಲ ಚುಕ್ಕೆಯೇ ಕಾಣುವುದಿಲ್ಲ. ಅದು ಓಡಾಡುವುದು ರಾತ್ರಿ. ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ನೋವು ಅಷ್ಟಕ್ಕಷ್ಟೇ, ಬಾವೂ ಬರುವುದಿಲ್ಲ. ನಿದ್ದೆಯಲ್ಲಿದ್ದವರಿಗೆ ಸೊಳ್ಳೆ ಕಚ್ಚಿದಷ್ಟೂ ಗೊತ್ತಾಗದೇ ಹೋಗಬಹುದು. ನಸುಕಿನಲ್ಲಿ ಹೊಟ್ಟೆ ನೋವು ಅಂತ ಏಳುತ್ತಾರೆ. ಮನೆಯವರು ಓಂಕಾಳು ಅಗಿಯಲು ಕೊಡುತ್ತಾರೆ. ಸ್ವಲ್ಪ ಹೊತ್ತಿಗೆ ರೆಪ್ಪೆ ಜೋಲುತ್ತದೆ, ಎಂಜಲು ನುಂಗಲು ಆಗುವುದಿಲ್ಲ, ಮಾತು ತೊದಲುತ್ತದೆ. ಕೊನೆಗೆ ಉಸಿರಾಡುವ ಸ್ನಾಯುಗಳೇ ಸೋಲುತ್ತವೆ. ಆಗ ಯಂತ್ರದ ಆಸರೆ ಬೇಕಾಗುತ್ತದೆ, ಕೆಲವೊಮ್ಮೆ ದಿನಗಟ್ಟಲೆ. ಚುಕ್ಕೆ ಹುಡುಕುತ್ತಾ ಕೂತ ಮನೆಯಲ್ಲಿ ಆ ಮೊದಲ ಎರಡು ಗಂಟೆ ಹೋಗಿಬಿಟ್ಟಿರುತ್ತದೆ.

ಇನ್ನು ಕೊಯ್ಯುವುದು, ಹೀರುವುದು. ಹಲ್ಲು ನಾಟಿದ ಕ್ಷಣದಲ್ಲೇ ವಿಷ ಮಾಂಸದೊಳಗೆ ಇಳಿದು ಹರಡಲು ಶುರುವಾಗುತ್ತದೆ. ಬಾಯಿಗೆ ಬರುವುದು ರಕ್ತ, ವಿಷ ಲೆಕ್ಕಕ್ಕಿಲ್ಲದಷ್ಟು. ಮಂಡಲ ಜಾತಿಯ ಹಾವುಗಳ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕೆಡಿಸುತ್ತದೆ. ಅಂಥವರ ಕಾಲನ್ನು ಬ್ಲೇಡಿನಿಂದ ಕೊಯ್ದರೆ ರಕ್ತ ನಿಲ್ಲಿಸುವುದೇ ಕಷ್ಟ. ಹಗ್ಗದ ವಿಷಯ ಆಗಲೇ ಹೇಳಿದೆ. ಗೆಳೆಯ ಇನ್ನೊಂದು ಮಾತು ಸೇರಿಸಿದ. ಹಗ್ಗ ಕಟ್ಟಿಕೊಂಡೇ ಬಂದವರದನ್ನು ದಾರಿಯಲ್ಲಿ ಗಡಿಬಿಡಿಯಿಂದ ಬಿಚ್ಚಬಾರದಂತೆ. ತಡೆದು ನಿಂತಿದ್ದ ವಿಷ ಒಮ್ಮೆಲೇ ಮೈಗೆ ನುಗ್ಗಬಹುದು. ಎಲ್ಲ ತಯಾರಿ ಇಟ್ಟುಕೊಂಡು ಆಸ್ಪತ್ರೆಯಲ್ಲೇ ಬಿಚ್ಚಬೇಕು.

ಆರನೇ ಚೌಕದ ನಗು ನನ್ನನ್ನು ಹೆಚ್ಚು ಕಾಡಿತು. ಐದಕ್ಕೂ ಆರಕ್ಕೂ ನಡುವೆ ಒಂದು ಬಿಳಿ ಪಟ್ಟಿ ಇದೆ, ಬೆರಳಿನಷ್ಟು ಅಗಲ. ಕಾಮಿಕ್ಸ್‌ನ ಸೊಗಸು ಇರುವುದೇ ಆ ಪಟ್ಟಿಯಲ್ಲಿ. ನಡುವೆ ಏನಾಯಿತು ಅನ್ನುವುದನ್ನು ಓದುಗ ತಾನೇ ತುಂಬಿಕೊಳ್ಳುತ್ತಾನೆ. ಆದರೆ ಹಾವು ಕಡಿತದ ಚಿಕಿತ್ಸೆ ಪೂರ್ತಿ ಆ ಪಟ್ಟಿಯಲ್ಲೇ ಹೂತುಹೋಗಿದೆ. ಅಲ್ಲಿ ಆಂಬುಲೆನ್ಸ್ ಬರಬೇಕು. ಆಸ್ಪತ್ರೆಯಲ್ಲಿ 2 ಮಿ.ಲೀ. ರಕ್ತ ತೆಗೆದು, ಒಣ ಗಾಜಿನ ಟ್ಯೂಬಿಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಇಡುತ್ತಾರೆ. ಆಮೇಲೆ ಟ್ಯೂಬನ್ನು ಮೆಲ್ಲಗೆ ವಾಲಿಸಿ ನೋಡುತ್ತಾರೆ. ರಕ್ತ ಇನ್ನೂ ನೀರಿನಂತೆ ಹರಿದರೆ ಹೆಪ್ಪುಗಟ್ಟುತ್ತಿಲ್ಲ ಅಂತ ಅರ್ಥ. ವಿಷ ಏರಿದ ಲಕ್ಷಣ ಕಂಡರೆ ಆಂಟಿವೆನಮ್ ಅನ್ನು ಸಲೈನ್ ಥರ ನರಕ್ಕೆ ಹಚ್ಚುತ್ತಾರೆ. ಕುದುರೆಗಳಿಗೆ ವಿಷವನ್ನು ಸ್ವಲ್ಪ ಸ್ವಲ್ಪವೇ ಕೊಟ್ಟು, ಅವುಗಳ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳಿಂದ ತಯಾರಿಸುವ ಔಷಧಿ ಅದು. ಆ ನಾಲ್ಕೂ ಹಾವುಗಳಿಗೆ ಸೇರಿ ಒಂದೇ. ಸಾಮಾನ್ಯವಾಗಿ 8ರಿಂದ 10 ಬಾಟಲಿಯಿಂದ ಶುರು. ಮಕ್ಕಳಿಗೂ ದೊಡ್ಡವರಿಗೂ ಅಷ್ಟೇ ಪ್ರಮಾಣ, ಯಾಕಂದ್ರೆ ಹಾವು ಮಕ್ಕಳಿಗೆ ಅಂತ ವಿಷ ಕಡಿಮೆ ಬಿಡುವುದಿಲ್ಲವಲ್ಲ! ಔಷಧಿ ಒಗ್ಗದೆ ಮೈ ತುಂಬ ಗಂಧೆ ಏಳಬಹುದು, ರಕ್ತದೊತ್ತಡ ಕುಸಿಯಬಹುದು. ಅದಕ್ಕೆ ಪಕ್ಕದಲ್ಲೇ ಅಡ್ರಿನಾಲಿನ್ ಇಟ್ಟುಕೊಂಡು ಕಾಯುತ್ತಾರೆ. ಇಷ್ಟೆಲ್ಲ ಬೆರಳಗಲದ ಬಿಳಿ ಜಾಗದಲ್ಲಿ ಮಾಯವಾಗಿದೆ.

ಹಾಗಾದರೆ ಆ ಚಿತ್ರ ಬರೆದವರು ಸುಳ್ಳು ಹೇಳಿದರಾ? ಹಾಗೆ ಹೇಳಲು ನನಗೆ ಮನಸ್ಸಿಲ್ಲ. ಕಟ್ಟು, ಕೊಯ್ಯು, ಹೀರು ಅನ್ನುವುದು 20ನೇ ಶತಮಾನದಲ್ಲಿ ಬಹಳ ಕಾಲ ಪ್ರಥಮ ಚಿಕಿತ್ಸೆಯ ಪುಸ್ತಕಗಳಲ್ಲೇ ಇತ್ತು. ಇಂದ್ರಜಾಲ ಕಾಮಿಕ್ಸ್ 1964ರಲ್ಲಿ ಶುರುವಾದಾಗ, ಅಮರ ಚಿತ್ರ ಕಥೆಯ ಮೊದಲ ಸಂಚಿಕೆಗಳು 1965ರಲ್ಲಿ ಕನ್ನಡದಲ್ಲೇ ಬಂದಾಗ, ಆಗಿನ ಓದಿದವರು ನಂಬಿದ್ದೂ ಅದನ್ನೇ. ಆಮೇಲೆ ವೈದ್ಯರು ತಿದ್ದಿಕೊಂಡರು. ಚಿತ್ರಗಳು ತಿದ್ದಿಕೊಳ್ಳಲಿಲ್ಲ. ಕಲಾವಿದ ಕಾಗದದ ಮುಂದೆ ಕೂತಾಗ ವೈದ್ಯಕೀಯ ಪುಸ್ತಕ ತೆರೆಯುವುದಿಲ್ಲ, ಹಿಂದಿನವರ ಚಿತ್ರ ತೆರೆಯುತ್ತಾನೆ. ನಾನೂ ಹಾಗೇ ಮಾಡಿದ್ದೇನೆ. ಕಣ್ಣಿಗೆ ಕಾಣದ್ದನ್ನು ಕಂಡದ್ದರಿಂದ ತುಂಬಿಸುವುದು ನಮ್ಮ ಕಸುಬಿನ ಹಳೇ ರೂಢಿ. ಶವ ಕೊಯ್ದು ನೋಡಿ ಚಿತ್ರ ಬರೆದ ಲಿಯೊನಾರ್ಡೊ ಡ ವಿಂಚಿ ಕೂಡ, ಸುಮಾರು 1511ರಲ್ಲಿ ತಾಯಿಯ ಗರ್ಭದಲ್ಲಿರುವ ಮಗುವನ್ನು ಬರೆದಾಗ, ಅದರ ಸುತ್ತ ಆಕಳಿನ ಮಾಸು ಇಟ್ಟುಬಿಟ್ಟ. ಆಕಳು ಈದದ್ದನ್ನು ನೋಡಿದವರಿಗೆ ಗೊತ್ತಿರುತ್ತದೆ, ಅದರ ಮಾಸಿನಲ್ಲಿ ಬೇರೆ ಬೇರೆ ಗಂಟುಗಳಿರುತ್ತವೆ. ಮನುಷ್ಯರದು ಒಂದೇ ದುಂಡನೆ ತಟ್ಟೆ.

ತಪ್ಪು ಚಿತ್ರ ಇಷ್ಟು ದಿನ ಬಾಳಲು ಇನ್ನೊಂದು ಕಾರಣವೂ ಇದೆ. ಕಡಿದ ಹಾವುಗಳಲ್ಲಿ ಹೆಚ್ಚಿನವು ವಿಷದವಲ್ಲ. ವಿಷದ ಹಾವೂ ಕೆಲವು ಸಲ ವಿಷ ಬಿಡದೇ ಬರೀ ಕಡಿದು ಹೋಗುತ್ತದೆ. ಅಂಥವರಿಗೆ ಹಗ್ಗ ಕಟ್ಟಿ, ಹೀರಿ, ಮಂತ್ರ ಹಾಕಿಸಿದರೆ ಅವರು ಬದುಕುತ್ತಾರೆ. ಏನೂ ಮಾಡದಿದ್ದರೂ ಬದುಕುತ್ತಿದ್ದರು. ಊರಲ್ಲಿ ಮಾತ್ರ ಹಗ್ಗಕ್ಕೆ ಹೆಸರು ಬರುತ್ತದೆ. ಬದುಕಿದವನು ಎದುರಿಗೇ ಓಡಾಡುತ್ತಿರುವಾಗ ಡಾಕ್ಟರ ಮಾತು ಯಾರಿಗೆ ಬೇಕು, ಅಲ್ವಾ?

ಇದೇ ಬಿಳಿ ಪಟ್ಟಿ ಬೇರೆ ಕಡೆಯೂ ಕಾಲವನ್ನು ನುಂಗುತ್ತದೆ. ಕಾಮಿಕ್ಸ್‌ನಲ್ಲಿ ನಾಯಕನ ತಲೆಗೆ ಹಿಂದಿನಿಂದ ಹೊಡೆಯುತ್ತಾರೆ. ನಕ್ಷತ್ರ ತಿರುಗುತ್ತವೆ. ಮುಂದಿನ ಚೌಕದಲ್ಲಿ ಅವನು ಗಂಟೆಗಳ ನಂತರ ಕಳ್ಳರ ಗುಹೆಯಲ್ಲಿ ಕಣ್ಣು ಬಿಡುತ್ತಾನೆ, ತಲೆ ಒರೆಸಿಕೊಂಡು ಹೊಡೆದಾಟಕ್ಕೆ ಇಳಿಯುತ್ತಾನೆ. ನಿಜವಾಗಿ ಗಂಟೆಗಟ್ಟಲೆ ಎಚ್ಚರ ತಪ್ಪಿದರೆ ಮಿದುಳಿಗೆ ದೊಡ್ಡ ಪೆಟ್ಟಾಗಿದೆ ಅಂತಲೇ. ಎಚ್ಚರಾದ ಮಾತ್ರಕ್ಕೆ ಅಪಾಯ ಮುಗಿಯಿತು ಅಂತಲೂ ಇಲ್ಲ. ಬೈಕಿನಿಂದ ಬಿದ್ದವನು ಎದ್ದು, ಮಾತಾಡಿ, ಚಹಾ ಕುಡಿದು ಮಲಗುತ್ತಾನೆ. ಬುರುಡೆಯೊಳಗೆ ರಕ್ತ ಮೆಲ್ಲಗೆ ಸೇರುತ್ತಿರುತ್ತದೆ. ಬೆಳಗ್ಗೆ ಏಳುವುದಿಲ್ಲ. ‘ಎದ್ದು ಮಾತಾಡಿದನಲ್ಲ, ಏನೂ ಆಗಿಲ್ಲ’ ಅನ್ನುವ ಸಮಾಧಾನ ಎಷ್ಟು ಮನೆಗಳಲ್ಲಿ ಕೇಳಿಲ್ಲ ನಾವು.

ಹೃದಯದ ಚಿತ್ರವೂ ಹಾಗೇ. ಗಂಡಸೊಬ್ಬ ಎಡಗಡೆ ಎದೆ ಹಿಡಿದುಕೊಂಡು ದೊಪ್ಪನೆ ಬೀಳುವುದು ಕಾಮಿಕ್ಸ್‌ನ ಹೃದಯಾಘಾತ. ಆದರೆ ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಅದು ಎಷ್ಟೋ ಸಲ ಬೆವರು, ವಾಂತಿ, ದಮ್ಮು, ದವಡೆ ನೋವು ಆಗಿ ಬರುತ್ತದೆ. ‘ಗ್ಯಾಸ್ ಆಗಿರಬೇಕು’ ಅಂತ ಸೋಡಾ ಕುಡಿಸಿ ಮಲಗಿಸುತ್ತಾರೆ. ನಮ್ಮ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇದೆ. ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಸಿಗಲಿ ಅಂತ ಮಾಡಿದ್ದು. ಬೇಗ ಹೋದಷ್ಟೂ ಲಾಭ. ತನಗೆ ಆಗುತ್ತಿರುವುದು ಹೃದಯಾಘಾತ ಅಂತ ಅನಿಸಿದರೆ ತಾನೇ ಹೋಗುವುದು?

ಹೃದಯ ನಿಂತವರ ಎದೆ ಒತ್ತುವ ಚಿತ್ರ ಬರೆಯುವಾಗ ಕಲಾವಿದರು ಮೊಣಕೈ ಬಗ್ಗಿಸುತ್ತಾರೆ, ಕೈಯನ್ನು ಎಡಗಡೆಗೆ ಇಡುತ್ತಾರೆ. ಸಿನಿಮಾದಿಂದ ಬಂದದ್ದು ಅನಿಸುತ್ತದೆ. ಜೀವಂತ ನಟನ ಎದೆಯನ್ನು ಜೋರಾಗಿ ಒತ್ತುವ ಹಾಗಿಲ್ಲ, ಹಾಗಾಗಿ ಕೈ ಬಗ್ಗಿಸಿ ನಟಿಸುತ್ತಾರೆ. ನಿಜದಲ್ಲಿ ಒತ್ತಬೇಕಾದದ್ದು ಎದೆಯ ನಡುವಿನ ಎಲುಬಿನ ಕೆಳಗಿನ ಅರ್ಧದ ಮೇಲೆ. ಮೊಣಕೈ ನೆಟ್ಟಗಿರಬೇಕು, ದೊಡ್ಡವರಿಗೆ 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120 ಸಲ. ಪರದೆ ಮೇಲೆ ಗೆರೆ ನೆಟ್ಟಗಾದಾಗ ಶಾಕ್ ಕೊಟ್ಟು ಎಬ್ಬಿಸುವ ದೃಶ್ಯವೂ ತಪ್ಪೇ. ಶಾಕ್ ಕೆಲಸ ಮಾಡುವುದು ಹೃದಯ ತಾಳ ತಪ್ಪಿ ಅದುರುತ್ತಿರುವಾಗ.

ಕಾಮಿಕ್ಸ್ ದೇಹವನ್ನು ನೆನಪಿಟ್ಟುಕೊಂಡ ಒಂದು ಚೌಕವನ್ನೂ ಹೇಳಬೇಕು. 1973ರ ಸ್ಪೈಡರ್‌ಮ್ಯಾನ್ ಸಂಚಿಕೆಯೊಂದರಲ್ಲಿ ಅವನ ಗೆಳತಿ ಗ್ವೆನ್ ಸ್ಟೇಸಿ ಸೇತುವೆಯಿಂದ ಬೀಳುತ್ತಾಳೆ. ಅವನು ಬಲೆ ಎಸೆದು ಅವಳ ಕಾಲು ಹಿಡಿಯುತ್ತಾನೆ. ಅವಳ ಕತ್ತಿನ ಪಕ್ಕದಲ್ಲಿ ಸಣ್ಣದಾಗಿ ‘ಸ್ನ್ಯಾಪ್’ ಅಂತ ಒಂದು ಶಬ್ದ ಬರೆದಿದ್ದಾರೆ. ಬೀಳುವವಳು ಒಮ್ಮೆಲೇ ನಿಂತದ್ದಕ್ಕೆ ಕತ್ತು ಉಳುಕಿ ಸತ್ತಳು ಅಂತ ಆಮೇಲೆ ಸಂಪಾದಕರೇ ಹೇಳಿದರು. ಸೂಪರ್‌ಹೀರೋ ಹಿಡಿದ ಮಾತ್ರಕ್ಕೆ ಕತ್ತು ಉಳಿಯುವುದಿಲ್ಲ ಅಂತ ಆ ಒಂದು ಶಬ್ದ ಹೇಳಿತು. ಉಳಿದ ಕಾಮಿಕ್ಸ್‌ಗಳಲ್ಲಿ ಗಾಯಾಳುವನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಬರುವುದೇ ಹೆಚ್ಚು, ತಲೆ ಹಿಂದಕ್ಕೆ ಜೋತಾಡುತ್ತಿರುತ್ತದೆ. ಕಬ್ಬಿನ ಟ್ರ್ಯಾಕ್ಟರ್ ಮೇಲಿಂದ ಬಿದ್ದವರನ್ನು ನಮ್ಮ ಜನ ಎತ್ತುವುದೂ ಹಾಗೇ, ಒಬ್ಬ ಕೈ, ಒಬ್ಬ ಕಾಲು. ಕತ್ತಿನ 7 ಎಲುಬುಗಳ ಒಳಗೆ ನರಗಳ ಹುರಿ ಹಾದುಹೋಗುತ್ತದೆ. ಒಂದು ಎಲುಬು ಸರಿದಿದ್ದರೆ, ಎತ್ತಿದ ಆ ಕ್ಷಣವೇ ಕೈಕಾಲು ಹೋಗಬಹುದು. ಒಬ್ಬರು ತಲೆಯನ್ನು ಎರಡೂ ಕೈಯಿಂದ ಅಲುಗದಂತೆ ಹಿಡಿದು, ಉಳಿದವರು ಮೈಯನ್ನು ಹಲಗೆಯಂತೆ ಒಟ್ಟಿಗೆ ಎತ್ತಬೇಕು. ಬರೆಯಲು ಅದೂ ಒಳ್ಳೆಯ ಚಿತ್ರವೇ. ನಾನು ಬರೆದು ನೋಡಿದ್ದೇನೆ.

ಹಳೇ ಪುಸ್ತಕಗಳು ಹರಿದು ಹೋಗುತ್ತಿವೆ, ಇನ್ನೇಕೆ ಈ ಮಾತು ಅಂತ ಕೇಳಬಹುದು. ಈಗ ಕಾಮಿಕ್ಸ್ ಬರುವ ದಾರಿ ಬದಲಾಗಿದೆ. ಪಂಚಾಯ್ತಿ ಗ್ರೂಪಿನಲ್ಲಿ, ಶಾಲೆಯ ಗ್ರೂಪಿನಲ್ಲಿ ಎಐ ಆ್ಯಪ್‌ನಿಂದ ಮಾಡಿದ ಆರೋಗ್ಯ ಕಾಮಿಕ್ಸ್‌ಗಳು ಬರುತ್ತಿವೆ. ಬಣ್ಣ ನೋಡಿದರೆ ಕಣ್ಣು ತಣಿಯುತ್ತದೆ. ನಾನೇ ಒಂದು ಆ್ಯಪ್‌ಗೆ ಹಾವು ಕಡಿತದ ಪ್ರಥಮ ಚಿಕಿತ್ಸೆಯ ಚಿತ್ರ ಕೊಡು ಅಂದೆ. ನಾಲ್ಕು ಚಿತ್ರ ಬಂತು. ಮೂರರಲ್ಲಿ ಹೆಡೆ, ಎರಡರಲ್ಲಿ ಹಗ್ಗ. ಒಂದರಲ್ಲಿ ಡಾಕ್ಟರ ಸ್ಟೆತೊಸ್ಕೋಪಿನ ಕೊಳವೆ ಜೇಬಿನೊಳಗೆ ಹೋಗಿ ಮುಗಿದಿತ್ತು. ಜೇಬಿನ ಕೊಳವೆ ಎಲ್ಲರಿಗೂ ಕಾಣುತ್ತದೆ, ಹಗ್ಗ ಕಾಣುವುದಿಲ್ಲ. ಆ ಯಂತ್ರ ಕಲಿತದ್ದೂ ಹಳೇ ಚಿತ್ರಗಳಿಂದಲೇ ತಾನೇ. ಮೊದಲು ಒಬ್ಬ ಕಲಾವಿದ ಇನ್ನೊಬ್ಬನನ್ನು ನೋಡಿ ಬರೆಯಲು ತಿಂಗಳು ಹಿಡಿಯುತ್ತಿತ್ತು. ಈಗ ಒಂದು ಸಂಜೆಯಲ್ಲಿ ಆ ತಪ್ಪು ಮೂರು ಜಿಲ್ಲೆ ಸುತ್ತುತ್ತದೆ. ಶಾಲೆ, ಅಂಗನವಾಡಿ, ಪಂಚಾಯ್ತಿ, ಎಲ್ಲೇ ಆಗಲಿ, ಆರೋಗ್ಯದ ಚಿತ್ರ ಗೋಡೆಗೆ ಹೋಗುವ ಮುಂಚೆ ಹತ್ತಿರದ ಆರೋಗ್ಯ ಕೇಂದ್ರದ ಒಬ್ಬರ ಕಣ್ಣಿಗೆ ಬೀಳಬೇಕು. ಹತ್ತು ನಿಮಿಷದ ಕೆಲಸ.

ಆ ಚಾರ್ಟನ್ನು ನಾವು ಮತ್ತೆ ಬರೆದೆವು. ಹುಡುಗನ ಮುಖ ಸಣ್ಣದಾಗಿತ್ತು. ಅವನ ಜೊತೆ ಇನ್ನೂ ನಾಲ್ಕು ಮಕ್ಕಳು ಕೂತರು. ಸರಿಯಾದ ಚಿಕಿತ್ಸೆ ಬರೆಯುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು. ಕಾಲ್ಗೆಜ್ಜೆ, ಉಂಗುರ ತೆಗೆ. ಕಾಲಿಗೆ ಒಂದು ಕೋಲು ಇಟ್ಟು ಸಡಿಲಾಗಿ ಬಟ್ಟೆ ಸುತ್ತು. ನಡೆಸಬೇಡ. ಧೈರ್ಯ ಹೇಳು. 108ಕ್ಕೆ ಫೋನ್ ಮಾಡು. ಕಾಯಿ. ಇದರಲ್ಲಿ ಬರೆಯುವಂಥ ಸಾಹಸ ಎಲ್ಲಿದೆ? ಮಲಗಿದವನು ಎಲ್ಲ ಚೌಕದಲ್ಲೂ ಮಲಗೇ ಇರುತ್ತಾನೆ.

ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಪ್ರತಿ ಚೌಕದ ಮೂಲೆಯಲ್ಲಿ ಒಂದು ಗಡಿಯಾರ ಬರೆಯೋಣ ಅಂದಳು. ಅಲ್ಲಿಂದ ಚಿತ್ರಕ್ಕೆ ಓಟ ಬಂತು. ಎರಡು ಗಂಟೆ: ಅಜ್ಜಿ, ಮೊಮ್ಮಗಳು ಚಾಪೆ ಮೇಲೆ ಮಲಗಿದ್ದಾರೆ. ನಾಲ್ಕೂವರೆ: ಮೊಮ್ಮಗಳು ಹೊಟ್ಟೆ ಹಿಡಿದು ಎದ್ದಿದ್ದಾಳೆ. ನಾಲ್ಕೂ ಮುಕ್ಕಾಲು: ಅಜ್ಜಿ ಮೊಬೈಲ್ ಬೆಳಕು ಹಿಡಿದು ಅವಳ ರೆಪ್ಪೆ ನೋಡುತ್ತಿದ್ದಾಳೆ. ಐದೂಕಾಲು: ಆಂಬುಲೆನ್ಸ್. ಆರು: ಆಸ್ಪತ್ರೆಯ ಮಂಚ, ಹಚ್ಚಿದ ಬಾಟಲಿ, ನರ್ಸ್ ಅವಳ ಮುಖವನ್ನೇ ನೋಡುತ್ತಾ ನಿಂತಿದ್ದಾರೆ. ಕೊನೆಯ ಚೌಕದಲ್ಲಿ ಗಡಿಯಾರದ ಬದಲು ಕ್ಯಾಲೆಂಡರ್, ಐದು ದಿನ ಕಳೆದಿದೆ.

“ಹಾವು ಎಲ್ಲಿ ಬರೀಲ್ರಿ ಸರ?” ಅಂತ ಹುಡುಗ ಕೇಳಿದ.

“ಬರೀಬ್ಯಾಡ,” ಅಂದೆ. “ಆ ಅಜ್ಜಿಗೂ ಅದು ಕಂಡಿಲ್ಲ.”

ಅವನು ಸ್ವಲ್ಪ ಹೊತ್ತು ಸುಮ್ನೆ ಕೂತ. ಹಳೇ ಚಾರ್ಟಿನ ಕಾಲಿಗೆ ಅಂತ ಕಲಸಿಟ್ಟಿದ್ದ ನೀಲಿ ಬಣ್ಣ ತಟ್ಟೆಯಲ್ಲಿ ಇನ್ನೂ ಉಳಿದಿತ್ತು. ಬ್ರಷ್ ಅದ್ದಿ, ಮೊದಲ ಚೌಕದ ಕಿಟಕಿಯಾಚೆ ರಾತ್ರಿ ಬಳಿಯಲು ಶುರು ಮಾಡಿದ.